ಪುಟ್ಟ ಕ್ರ್ಯಾಂಕ್‌ಶಾಫ್ಟ್ ಮುರಿದರೆ ದೊಡ್ಡದರ ಬಲ ಗೊತ್ತಾಗುತ್ತದಾ?

ಹಬೆ ಎಂಜಿನ್ನಿನ ಮಾಡೆಲ್ ಕಟ್ಟುವವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ದೊಡ್ಡ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟನ್ನು (ಪಿಸ್ಟನ್ನಿನ ಹಿಂದೆ-ಮುಂದೆ ಓಟವನ್ನು ಸುತ್ತಾಟ ಮಾಡುವ, ತೋಳಿರುವ ದಂಡ) ಕಾಲು ಅಳತೆಯಲ್ಲಿ ಮಾಡಿ, ತಿರುಚಿ ಮುರಿದು ನೋಡಿದರೆ, ದೊಡ್ಡದು ಎಷ್ಟು ತಡೆಯುತ್ತದೆ ಅಂತ ಹೇಳಬಹುದಾ? ನನ್ನ ಉತ್ತರ: ಆಕಾರದ ಬಗ್ಗೆ ಹೇಳಬಹುದು, ಲೋಹದ ಬಗ್ಗೆ ಆಗಲ್ಲ.

ಲೆಕ್ಕ ಸುಲಭ. ಹಬೆಯ ಒತ್ತಡ ಅಷ್ಟೇ ಇಟ್ಟುಕೊಳ್ಳಿ. ಪಿಸ್ಟನ್ನಿನ ವ್ಯಾಸ ಕಾಲು ಭಾಗಕ್ಕೆ ಇಳಿದರೆ ಅದು ತಳ್ಳುವ ಬಲ 16ರಲ್ಲಿ 1 ಪಾಲಾಗುತ್ತದೆ, ಕ್ರ್ಯಾಂಕಿನ ತೋಳೂ ಕಾಲು ಭಾಗವೇ ಆದ್ದರಿಂದ ತಿರುಚುವ ಬಲ 64ರಲ್ಲಿ 1 ಪಾಲು. ಶಾಫ್ಟ್ ಅದನ್ನು ತಡೆಯುವ ಶಕ್ತಿ ವ್ಯಾಸದ ಘನದ ಲೆಕ್ಕದಲ್ಲಿ ಇಳಿಯುತ್ತದೆ, ಅದೂ 64ರಲ್ಲಿ 1. ಅಲ್ಲಿಗೆ ಎರಡೂ ಶಾಫ್ಟಿನ ಲೋಹ ಅನುಭವಿಸುವ ಒತ್ತಡ ಒಂದೇ. ಎಷ್ಟು ಚೆನ್ನಾಗಿ ಕೂಡಿ ಬಂತು, ಅಲ್ವಾ? ಸೇತುವೆಗೆ ಈ ಅನುಕೂಲ ಇಲ್ಲ, ಅದರ ಸ್ವಂತ ಭಾರ ಗಾತ್ರದ ಜೊತೆ ಬಲಕ್ಕಿಂತ ಬೇಗ ಏರುತ್ತದೆ. 1840ರ ದಶಕದಲ್ಲಿ ಎಂಜಿನಿಯರ್ ವಿಲಿಯಂ ಫೇರ್‌ಬೈರ್ನ್ ವೇಲ್ಸಿನ ಬ್ರಿಟಾನಿಯಾ ರೈಲು ಸೇತುವೆಗಾಗಿ ಲಂಡನ್ನಿನ ಮಿಲ್‌ವಾಲ್‌ನಲ್ಲಿ ಆರನೇ ಒಂದು ಅಳತೆಯ, 75 ಅಡಿ ಉದ್ದದ ಕಬ್ಬಿಣದ ಕೊಳವೆ ಕಟ್ಟಿ, ಮುರಿದ ಕಡೆ ಗಟ್ಟಿ ಮಾಡಿ ಮತ್ತೆ ಮತ್ತೆ ಮುರಿದರು. ಅಲ್ಲಿ ಸೇತುವೆಯ ಸ್ವಂತ ಭಾರವನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕಿತ್ತು.

ತೊಂದರೆ ಇರುವುದು ಲೋಹದಲ್ಲಿ. ಮಾಡೆಲ್ಲಿಗೆ ಒಳ್ಳೆಯ ಸರಳು ಆರಿಸಿಕೊಂಡು ಲೇತಿನಲ್ಲಿ ಕಡೆದರೆ ಮುಗೀತು. ಹಬೆ ಎಂಜಿನ್ನಿನ ಕಾಲದ ದೊಡ್ಡ ಶಾಫ್ಟ್ ಹಾಗಲ್ಲ, ಕಬ್ಬಿಣದ ಎಷ್ಟೋ ತುಂಡುಗಳನ್ನು ಕಟ್ಟುಕಟ್ಟಿ ಕಾಯಿಸಿ, ಬಡಿದು ಒಂದು ಮಾಡಬೇಕು, ನಡುವೆ ಕಿಟ್ಟ ಉಳಿದರೆ ಹೊರಗಿನಿಂದ ಕಾಣುವುದೇ ಇಲ್ಲ. ಎಂಜಿನಿಯರ್ ಬ್ರೂನೆಲ್‌ನ ಗ್ರೇಟ್ ಈಸ್ಟರ್ನ್ ಹಡಗಿನ ಪಕ್ಕದ ಪ್ಯಾಡಲ್ ಚಕ್ರಗಳನ್ನು ತಿರುಗಿಸುವ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಗ್ಲಾಸ್ಗೋದಲ್ಲಿ ಸರಿಯಾಗಿ ಬಂದದ್ದು ಮೂರನೇ ಸಲಕ್ಕೆ. ಯಾವ ಪುಟ್ಟ ಮಾಡೆಲ್ಲೂ ಇದನ್ನು ಮೊದಲೇ ಹೇಳುತ್ತಿರಲಿಲ್ಲ. ಲಂಡನ್ನಿನಲ್ಲಿ ಲೋಹ ಪರೀಕ್ಷಿಸುತ್ತಿದ್ದ ಡೇವಿಡ್ ಕರ್ಕಾಲ್ಡಿ 47 ಅಡಿಗೂ ಉದ್ದದ, 10 ಲಕ್ಷ ಪೌಂಡ್ ಬಲ ಹಾಕಬಲ್ಲ ಯಂತ್ರ ಮಾಡಿಸಿ, ಅಸಲಿ ಗಾತ್ರದ ಭಾಗಗಳನ್ನೇ ಪರೀಕ್ಷಿಸಿದ್ದು ಅದಕ್ಕೇ ನನಗೆ ಅಷ್ಟು ಇಷ್ಟ.

ಇನ್ನೊಂದು ವಿಷಯ. ಒಂದೇ ಸಲ ತಿರುಚಿ ಮುರಿಯುವ ಪರೀಕ್ಷೆ ಕ್ರ್ಯಾಂಕ್‌ಶಾಫ್ಟಿಗೆ ಸಾಲದು, ಅದು ಸಾಯುವುದೇ ಲಕ್ಷಾಂತರ ಸುತ್ತು ತಿರುಗಿದ ಮೇಲೆ. ಪ್ರಷ್ಯಾದ ರೈಲ್ವೆಯ ಆಗಸ್ಟ್ ವೋಲರ್ ರೈಲಿನ ಚಕ್ರದ ಅಚ್ಚುಗಳನ್ನು ಸುತ್ತಿಸಿ ಸುತ್ತಿಸಿ ಪರೀಕ್ಷಿಸಿ, ಒಂದೇ ಏಟಿಗೆ ಮುರಿಯಲು ಬೇಕಾದುದಕ್ಕಿಂತ ತುಂಬಾ ಕಡಿಮೆ ಒತ್ತಡವೂ ಪದೇ ಪದೇ ಬಿದ್ದರೆ ಸಾಕು ಅಂತ ತೋರಿಸಿಕೊಟ್ಟರು. ಇಲ್ಲಿ ಸಣ್ಣ ಶಾಫ್ಟ್ ದೊಡ್ಡದಕ್ಕಿಂತ ಜಾಸ್ತಿ ತಡೆದುಬಿಡುತ್ತದೆ, ಅದನ್ನೇ ನಂಬಿದರೆ ಮೋಸ.

ಬಿರುಕು ಶುರುವಾಗುವ ಜಾಗ ಮಾತ್ರ ಎರಡರಲ್ಲೂ ಒಂದೇ: ಕ್ರ್ಯಾಂಕಿನ ಪಿನ್ನು (ಪಿಸ್ಟನ್ನಿನಿಂದ ಬರುವ ಸರಳು ಹಿಡಿಯುವ ಗೂಟ) ತೋಳಿಗೆ ಸೇರುವ ಒಳಮೂಲೆ. ಎಂಜಿನ್ನಿನ ಅಚ್ಚು ಮುರಿದು ಆದ 1842ರ ವರ್ಸಾಯ್ ರೈಲು ದುರಂತದ ಮರುವರ್ಷವೇ ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ಮುರಿದ ಅಚ್ಚುಗಳನ್ನು ನೋಡಿ, ಇಂಥ ಮೂಲೆಯನ್ನು ಚೂಪಾಗಿ ಬಿಡಬೇಡಿ, ದುಂಡಗೆ ಮಾಡಿ ಅಂದಿದ್ದರು. ಲೇತಿನ ಮುಂದೆ ನಿಂತಾಗ ಟೂಲಿನ ಮೂತಿ ಸ್ವಲ್ಪ ದುಂಡಗೆ ಉಜ್ಜಿಕೊಳ್ಳಿ. ಬೇರಿಂಗಿಗೂ ಅಷ್ಟು ಜಾಗ ಬಿಡಿ, ಇಲ್ಲದಿದ್ದರೆ ಆ ದುಂಡು ಅಂಚಿನ ಮೇಲೆಯೇ ಬೇರಿಂಗ್ ಹತ್ತಿ ಕೂರುತ್ತದೆ.