ತಿಂಗಳಿಗೆ ಹತ್ತು ಸಾವಿರದ ಗೆರೆ

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ ಮಿತಿ 1.20 ಲಕ್ಷ ರೂಪಾಯಿ. ಅಂದರೆ ತಿಂಗಳಿಗೆ 10,000. ಗಾರೆ ಕೆಲಸದ ಗಂಡ ಹೆಂಡತಿ ದಿನಕ್ಕೆ ತಲಾ 500ರಂತೆ ತಿಂಗಳಲ್ಲಿ ಹನ್ನೊಂದು ದಿನ ದುಡಿದರೆ ಸಾಕು, ಗೆರೆ ದಾಟುತ್ತಾರೆ. ಮನೆಯಲ್ಲಿ ಇಬ್ಬರಿರಲಿ, ಏಳು ಜನರಿರಲಿ, ಮಿತಿ ಒಂದೇ. ಇಬ್ಬರಿಗೆ ಹಂಚಿದರೆ ತಲೆಗೆ 5,000, ಏಳು ಜನಕ್ಕೆ ಹಂಚಿದರೆ ಸುಮಾರು 1,430. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೇ ಸರಿ.

ಕಾರ್ಡು ಸಿಕ್ಕಿದ ಮೇಲೂ ಕಷ್ಟ ಮುಗಿಯದು. ಸಿಮೆಂಟು ಕಲಸಿ ಕಲಸಿ ಬೆರಳ ಗೆರೆ ಸವೆದಿರುತ್ತದೆ, ನ್ಯಾಯಬೆಲೆ ಅಂಗಡಿಯ ಯಂತ್ರ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ. ಕೈ ತೊಳೆದು, ಒರೆಸಿ, ಬೇರೆ ಬೆರಳು ಒತ್ತಬೇಕು. ಆಗದಿದ್ದರೆ ಕಾರ್ಡಿನಲ್ಲಿ ಹೆಸರಿರುವ ಇನ್ನೊಬ್ಬರು ಬರಬೇಕು. ಅಷ್ಟರಲ್ಲಿ ಅರ್ಧ ದಿನದ ಕೂಲಿ ಹೋಯಿತು. ಬಡತನವೆಂದರೆ ಬರೀ ದುಡ್ಡಿನ ಕೊರತೆಯಲ್ಲ, ಕಾಯುವ ಹೊತ್ತಿನ ಬೆಲೆಯೂ ಹೌದು.

ಇದಕ್ಕೂ ದೊಡ್ಡ ತೊಡಕು ಬೇರೆಯಿದೆ. 2013ರ ಆಹಾರ ಭದ್ರತಾ ಕಾಯ್ದೆ ದೇಶದ ಹಳ್ಳಿಗಳ ಶೇ 75, ಪಟ್ಟಣಗಳ ಶೇ 50ರಷ್ಟು ಜನರಿಗೆ ಧಾನ್ಯ ಕೊಡುತ್ತದೆ. ರಾಜ್ಯಗಳ ಪಾಲನ್ನು ನಿಗದಿ ಮಾಡಿದ್ದು 2011ರ ಜನಗಣತಿಯ ಲೆಕ್ಕದಲ್ಲಿ. ಆಮೇಲೆ ಹುಟ್ಟಿದ ಮಕ್ಕಳು, ಬೇರೆಯಾದ ಸಂಸಾರಗಳು ಆ ಲೆಕ್ಕದಲ್ಲಿಲ್ಲ.