ಬಳೆಯೋ ಮಳೆಯೋ: ಮಗಳ ಮೂಗುಮಾತಿನ ಹತ್ತು ವಾರಗಳ ದಾಖಲೆ

ಮೊದಲ ವಾರ

ಆರು ವರ್ಷದ ಮಗಳಿಗೆ ಅಡಿನಾಯ್ಡ್, ಅಂದರೆ ಮೂಗಿನ ಹಿಂದೆ ಗಂಟಲಿನ ಮೇಲ್ಭಾಗದಲ್ಲಿರುವ ಮೆದು ಗಡ್ಡೆಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯಾಗಿ ಮೂರು ವಾರಗಳು ಕಳೆದಿವೆ. ಅದಕ್ಕೆ ಮೊದಲು ಮೂಗಿನ ಹಿಂಬದಿ ಕಟ್ಟಿಕೊಂಡು, ‘ಅಮ್ಮ’ ಎನ್ನುವುದು ‘ಅಬ್ಬ’ ಎಂದು ಕೇಳಿಸುತ್ತಿತ್ತು. ಈಗ ಅದಕ್ಕೆ ತದ್ವಿರುದ್ಧವಾಗಿ ‘ಬಳೆ’ ಹೋಗಿ ‘ಮಳೆ’ಯಾಗಿದೆ, ‘ದಾರಿ’ ಹೋಗಿ ‘ನಾರಿ’ಯಾಗಿದೆ. ಊರಿನವರು ಎರಡನ್ನೂ ಮೂಗಿನಲ್ಲಿ ಮಾತನಾಡುವುದೆಂದೇ ಕರೆಯುತ್ತಾರಾದರೂ, ಮೊದಲನೆಯದರಲ್ಲಿ ಮೂಗಿಗೆ ಹೋಗಬೇಕಾದ ಉಸಿರು ಹೋಗುತ್ತಿರಲಿಲ್ಲ, ಎರಡನೆಯದರಲ್ಲಿ ಹೋಗಬಾರದ ಉಸಿರು ಹೋಗುತ್ತಿದೆ. ಚಿಕ್ಕ ಮಕ್ಕಳಲ್ಲಿ ಮೃದು ಅಂಗುಳವು (ಬಾಯಿಯ ಮೇಲ್ಛಾವಣಿಯ ಹಿಂಬದಿಯ ಮೆತ್ತನೆಯ ಭಾಗ) ಮೇಲೆದ್ದು ಅಡಿನಾಯ್ಡಿಗೆ ಒತ್ತಿಕೊಂಡು ಮೂಗಿನ ದಾರಿಯನ್ನು ಮುಚ್ಚುವುದುಂಟು. ಆ ಗಡ್ಡೆಯನ್ನು ತೆಗೆದ ಮೇಲೆ ಅಂಗುಳ ಇನ್ನಷ್ಟು ಹಿಂದಕ್ಕೆ ಚಾಚುವುದನ್ನು ಕಲಿಯಬೇಕಾಗುತ್ತದೆ. ಕಿರುನಾಲಿಗೆ ಇಬ್ಭಾಗವಾಗಿಲ್ಲ, ಅಂಗುಳದಲ್ಲಿ ಪೊರೆಯಡಿಯ ಸೀಳೂ (ಮೇಲಿನ ಪೊರೆ ಮುಚ್ಚಿರುವುದರಿಂದ ಹೊರಗೆ ಕಾಣದ ಸೀಳು) ಇಲ್ಲ ಎಂದು ವೈದ್ಯರು ಪರೀಕ್ಷಿಸಿದ್ದಾರೆ. ಅಂಥ ಸೀಳಿನಿಂದ ಉಸಿರು ಸೋರುತ್ತಿದ್ದರೆ ಅದನ್ನು ಯಾವ ವ್ಯಾಯಾಮವೂ ಮುಚ್ಚಲಾರದಾದ್ದರಿಂದ, ಈ ಪರೀಕ್ಷೆಯಾಗುವವರೆಗೆ ನಾವು ಏನನ್ನೂ ಆರಂಭಿಸಿರಲಿಲ್ಲ.

ಅಳತೆಗೆ ಅಡುಗೆಮನೆಯ ಸ್ಟೀಲ್ ತಟ್ಟೆಯೇ ಸಾಕಾಯಿತು. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದ ಪುಟ್ಟ ತಟ್ಟೆಯನ್ನು ಮೂಗಿನ ಕೆಳಗೆ ಹಿಡಿದು, ಅನುನಾಸಿಕವೇ ಇಲ್ಲದ ಹತ್ತು ಪದಗಳನ್ನು ಹೇಳಿಸುವುದು, ಎಷ್ಟು ಪದಗಳಿಗೆ ತಟ್ಟೆ ಮಂಜಾಗುತ್ತದೆಂದು ಬರೆದಿಡುವುದು. ಬಳೆ, ದಾರಿ, ಕಪ್ಪು, ಬುಟ್ಟಿ, ಸೀರೆ, ಕಾಗೆ ಮುಂತಾದವು ಪಟ್ಟಿಯಲ್ಲಿವೆ. ಪದ ಮುಗಿದೊಡನೆ ತಟ್ಟೆಯನ್ನು ಸರಿಸದಿದ್ದರೆ ಸಹಜ ಉಸಿರಿಗೇ ಮಂಜಾಗುತ್ತದೆಂಬುದು ಎರಡು ದಿನ ಲೆಕ್ಕ ತಪ್ಪಿದ ಮೇಲೆ ತಿಳಿಯಿತು. ಮೊದಲ ಲೆಕ್ಕ: ಹತ್ತರಲ್ಲಿ 9.

ಎರಡರಿಂದ ನಾಲ್ಕನೆಯ ವಾರ

ವೈದ್ಯರ ಒಪ್ಪಿಗೆ ಪಡೆದು ಉಸಿರಿನ ಆಟಗಳನ್ನು ಆರಂಭಿಸಿದೆವು. ಅಂಗಾತ ಮಲಗಿ, ಹೊಟ್ಟೆಯ ಮೇಲೆ ಬಟ್ಟೆಯ ಆನೆಯನ್ನಿಟ್ಟುಕೊಂಡು, ತುಟಿ ಮುಚ್ಚಿ ಮೂಗಿನಿಂದ ಮೂರು ಎಣಿಸುವಷ್ಟು ಉಸಿರೆಳೆದು ಆನೆಯನ್ನು ಮೇಲೇಳಿಸುವುದು, ಬಳಿಕ ಬಾಯಿಯಿಂದ ನಿಧಾನವಾಗಿ ಬಿಟ್ಟು ಇಳಿಸುವುದು. ಮೇಜಿನ ಮೇಲೆ ಹತ್ತಿಯ ಉಂಡೆಯನ್ನು ಸ್ಟ್ರಾದಿಂದ ಊದಿ ಗೆರೆ ದಾಟಿಸುವುದು. ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಐದೇ ನಿಮಿಷ. ಬಲೂನು ಒಡೆದು ತುಂಡು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಅದನ್ನು ಬಳಸಲಿಲ್ಲ.

ನಾಲ್ಕನೆಯ ವಾರದ ಕೊನೆಗೆ ಹತ್ತಿಯ ಉಂಡೆ ಮೇಜಿನ ಆಚೆ ಬದಿಗೆ ಬೀಳತೊಡಗಿತು, ಊದುವಾಗ ತಟ್ಟೆಯ ಮೇಲೆ ಒಂದು ಚುಕ್ಕೆ ಮಂಜೂ ಇರಲಿಲ್ಲ. ಆದರೆ ಪದಗಳ ಲೆಕ್ಕ ಹತ್ತರಲ್ಲಿ 8.

ನಮ್ಮ ವಾಕ್ ಚಿಕಿತ್ಸಕಿ, 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು, ಈ ಅಂಕಿಗಳನ್ನು ನೋಡಿ ನಕ್ಕರು. ಊದುವಾಗ ಅಂಗುಳ ಒಮ್ಮೆ ಮುಚ್ಚಿಕೊಂಡು ಹಾಗೆಯೇ ನಿಂತರೆ ಸಾಕು. ಮಾತಿನಲ್ಲಾದರೋ ಅದು ಅಕ್ಷರದಿಂದ ಅಕ್ಷರಕ್ಕೆ, ನಾಲಿಗೆ ತುಟಿಗಳ ಜೊತೆ ಹೊಂದಿಕೊಂಡು, ಕ್ಷಣಾರ್ಧದಲ್ಲಿ ಏಳಬೇಕು, ಇಳಿಯಬೇಕು. ಸ್ನಾಯುಗಳು ಅವೇ ಆದರೂ ಕೆಲಸ ಬೇರೆಯಾದ್ದರಿಂದ, ಊದುವುದರಲ್ಲಿ ಗಳಿಸಿದ್ದು ಮಾತಿಗೆ ಇಳಿದು ಬರುವುದಿಲ್ಲವೆಂದು ಅವರು ವಿವರಿಸಿದರು. ಹಾಗೆಂದು ಉಸಿರಾಟದ ಅಭ್ಯಾಸವನ್ನು ನಿಲ್ಲಿಸಲಿಲ್ಲ. ಶಸ್ತ್ರಚಿಕಿತ್ಸೆಯ ನಂತರವೂ ಉಳಿದಿದ್ದ ಬಾಯಿ ತೆರೆದು ಉಸಿರಾಡುವ ಚಾಳಿ ಅದರಿಂದ ಬಹುಮಟ್ಟಿಗೆ ಬಿಟ್ಟಿತೆಂದು ನನ್ನ ಅನಿಸಿಕೆ. ಆದರೆ ಅದು ಬೇರೆಯೇ ಲೆಕ್ಕ.

ಐದನೆಯ ವಾರ

ಈಗ ಪದಗಳೇ ವ್ಯಾಯಾಮ. ಬಳೆಯ ಚಿತ್ರ, ಮಳೆಯ ಚಿತ್ರ. ಅವಳು ಹೇಳಿದ್ದು ನನಗೆ ಹೇಗೆ ಕೇಳಿಸಿತೋ ಅದೇ ಚಿತ್ರವನ್ನು ನಾನು ಎತ್ತುತ್ತೇನೆ. ಬಳೆ ಕೇಳಿದವಳಿಗೆ ಪದೇ ಪದೇ ಮಳೆ ಸಿಕ್ಕಾಗ ಮೊದಲು ಸಿಟ್ಟು ಬಂತು, ಮೂರನೆಯ ದಿನ ನಗು ಬಂತು. ಮೂಗನ್ನು ಬೆರಳಿನಿಂದ ಹಿಡಿದು ‘ಬ’ ಎಂದು, ಬಾಯಿಯಲ್ಲಿ ಉಸಿರು ಒತ್ತುವುದನ್ನು ಗಮನಿಸಿ, ಅನಂತರ ಬೆರಳು ಬಿಟ್ಟು ಅದನ್ನೇ ಹೇಳುವ ಕ್ರಮವನ್ನೂ ಸೇರಿಸಿದೆವು. “ಬಾಯಿ ಬಿಟ್ಟು ಹೇಳು ಪುಟ್ಟಿ” ಎಂದು ಅತ್ತೆಯವರು ಮೊದಲ ದಿನದಿಂದಲೂ ಗದರುತ್ತಿದ್ದರು. ಬಾಯಿಯನ್ನು ಚೆನ್ನಾಗಿ ತೆರೆದರೆ ಮೂಗಿನ ದನಿ ಕಡಿಮೆಯಾಗುತ್ತದೆಂದು ಚಿಕಿತ್ಸಕಿಯೂ ಹೇಳಿದ ಮೇಲೆ ಮನೆಯಲ್ಲಿ ಅವರ ಮಾತಿಗೆ ತೂಕ ಹೆಚ್ಚಿದೆ.

ಏಳನೆಯ ವಾರ

ಮಗುವಿಗೆ ಶೀತ. ಮಾತು ಇದ್ದಕ್ಕಿದ್ದಂತೆ ಸರಿಹೋದಂತೆ ಕೇಳಿಸಿತು, ತಟ್ಟೆಯೂ ಒಣಗಿಯೇ ಇತ್ತು. ಸಂತೋಷಪಟ್ಟು ಅಂಕಿ ಬರೆದ ಮೇಲೆ ಹೊಳೆಯಿತು: ಮೂಗೇ ಕಟ್ಟಿದ್ದರೆ ಉಸಿರು ಸೋರುವುದಾದರೂ ಎಲ್ಲಿಂದ? ಆ ವಾರದ ಲೆಕ್ಕವನ್ನು ಹೊಡೆದು ಹಾಕಿದ್ದೇನೆ.

ಹತ್ತನೆಯ ವಾರ

ಹತ್ತರಲ್ಲಿ 2, ಅದರಲ್ಲಿ ಒಂದು ‘ಸೀರೆ’. ಪಟ್ಟಿಯ ಹೊರಗೆ ಕಷ್ಟವಾಗಿರುವುದು ಕಂಬ, ತಂದೆ, ಗಂಟೆ. ಅನುಸ್ವಾರಕ್ಕೆ ಇಳಿದ ಅಂಗುಳ ಮರುಕ್ಷಣವೇ ಏಳದೆ ‘ಕಮ್ಮ’, ‘ತನ್ನೆ’, ‘ಗಣ್ಣೆ’ ಎಂದಾಗುತ್ತಿದೆ. ಕನ್ನಡದಲ್ಲಿ ಇಂಥ ಪದಗಳಿಗೆ ಬರವಿಲ್ಲ, ಅಭ್ಯಾಸಕ್ಕೆ ಹುಡುಕಬೇಕಾಗಿಯೇ ಇಲ್ಲ.

ಈ ಇಳಿಕೆಯಲ್ಲಿ ಅಭ್ಯಾಸದ ಪಾಲೆಷ್ಟು ಎಂದು ನನ್ನ ಪುಸ್ತಕ ಹೇಳಲಾರದು. ಅಡಿನಾಯ್ಡ್ ತೆಗೆದ ಮೇಲೆ ಬರುವ ಮೂಗುಮಾತು ಹಲವು ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ, ನಾವು ಏನೂ ಮಾಡದೆ ಸುಮ್ಮನಿದ್ದು ನೋಡಿದವರೂ ಅಲ್ಲ. ಮುಂದಿನ ಭೇಟಿಯವರೆಗೂ ಸೋರಿಕೆ ಉಳಿದಿದ್ದರೆ ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ, ಮಾತನಾಡುವಾಗ ಅಂಗುಳ ಎಲ್ಲಿಯವರೆಗೆ ಏಳುತ್ತದೆಂದು ನೋಡೋಣ ಎಂದಿದ್ದಾರೆ ವೈದ್ಯರು. ಅಲ್ಲಿಯವರೆಗೆ ದಿನಕ್ಕೆ ಹತ್ತು ನಿಮಿಷ ಕಂಬ, ತಂದೆ, ಗಂಟೆ.