ಆ ಹಾಡು ಹಾಡಿದವಳು ಆಮೇಲೆ ಎಲ್ಲಿ ಹೋದಳು?

ಇಂಗ್ಲಿಷ್ ಹಾಡುಗಳ ಮಾತು ಬಂದಾಗ ಗೆಳೆಯರಲ್ಲಿ ಒಬ್ಬರಾದರೂ ನನ್ನನ್ನು ಇದನ್ನು ಕೇಳಿಯೇ ಕೇಳುತ್ತಾರೆ. ‘ಹುಡುಗೀರು ಸೈಕಲ್ ತುಳ್ಕೊಂಡು ಹೋಗೋ ವಿಡಿಯೋ ಇತ್ತಲ್ಲ, ಪುಟ್ ಯುವರ್ ರೆಕಾರ್ಡ್ಸ್ ಆನ್ ಅಂತ. ಅದನ್ನ ಹಾಡಿದವಳು ಆಮೇಲೆ ಎಲ್ಲಿ ಹೋದಳು? ಒಂದೇ ಹಾಡಿಗೆ ಮುಗೀತಾ?’

ಮುಗಿಯಲಿಲ್ಲ. ಕೊರಿನ್ ಬೈಲಿ ರೇ ಎಲ್ಲಿಗೂ ಹೋಗಿಲ್ಲ. 2006ರಿಂದ ಈಚೆಗೆ ನಾಲ್ಕು ಪೂರ್ತಿ ಆಲ್ಬಂ ಮಾಡಿದ್ದಾಳೆ. ನಡುವಿನ ಅಂತರ ಮಾತ್ರ ಜಾಸ್ತಿ: ಮೊದಲು ನಾಲ್ಕು ವರ್ಷ, ಆಮೇಲೆ ಆರು, ಆಮೇಲೆ ಏಳು. ನಾವು ಅಷ್ಟು ಹೊತ್ತು ಕಾಯಲಿಲ್ಲ, ಅಷ್ಟೇ. ಎಲ್ಲಕ್ಕಿಂತ ಒಳ್ಳೆಯ ಆಲ್ಬಂ ಕೊನೆಯದು ಅನ್ನುವುದು ನನ್ನ ವಾದ. ಅದು ಹೇಗೆ ಬಂತು ಅಂತ ಗೊತ್ತಾಗಬೇಕಾದರೆ ಆ ಸೈಕಲ್ ವಿಡಿಯೋಗಿಂತ ಹಿಂದಕ್ಕೆ ಹೋಗಬೇಕು.

ಆಕೆ ಹುಟ್ಟಿದ್ದು 1979ರಲ್ಲಿ, ಇಂಗ್ಲೆಂಡಿನ ಲೀಡ್ಸ್ ಊರಲ್ಲಿ. ಅಪ್ಪ ಕೆರಿಬಿಯನ್‌ನ ಸೇಂಟ್ ಕಿಟ್ಸ್ ದ್ವೀಪದವರು, ಅಮ್ಮ ಯಾರ್ಕ್‌ಶೈರಿನವರು. ಮೂವರು ಹೆಣ್ಣುಮಕ್ಕಳಲ್ಲಿ ಈಕೆ ದೊಡ್ಡವಳು. ಶಾಲೆಯಲ್ಲಿ ಪಿಟೀಲು ಕಲಿತಳು, ಚರ್ಚಿನಲ್ಲಿ ಹಾಡಿದಳು. ಹದಿಹರೆಯಕ್ಕೆ ಬಂದಾಗ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿಯಿತು. ‘ಹೆಲೆನ್’ ಅಂತ ಹುಡುಗಿಯರ ರಾಕ್ ಬ್ಯಾಂಡ್ ಕಟ್ಟಿದಳು. ಅವರಿಗೆ ಆದರ್ಶ ಅಂದರೆ ಎಲ್ 7, ವೆರೂಕಾ ಸಾಲ್ಟ್‌ನಂಥ ಗಲಾಟೆ ಬ್ಯಾಂಡುಗಳು. ಹೆವಿ ಮೆಟಲ್ ಸಂಗೀತಕ್ಕೆ ಹೆಸರಾದ ರೋಡ್‌ರನ್ನರ್ ರೆಕಾರ್ಡ್ಸ್ ಇವರ ಕೈಲಿ ಸಹಿ ಹಾಕಿಸಿಕೊಳ್ಳಲು ಹೊರಟಿತ್ತು. ಅಷ್ಟರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಹುಡುಗಿ ಬಸುರಿಯಾದಳು. ಬ್ಯಾಂಡ್ ಚದುರಿಹೋಯಿತು. ಮೆತ್ತಗೆ, ಕಿವಿಗೆ ಹಿತವಾಗಿ ಹಾಡುವವಳು ಅಂತ ನಾವು ತಿಳಿದುಕೊಂಡಿರುವ ಈ ಗಾಯಕಿ ಮೆಟಲ್ ಕಂಪನಿಯ ಬಾಗಿಲವರೆಗೂ ಹೋಗಿ ಬಂದವಳು!

ಆಮೇಲೆ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದಳು. ಖರ್ಚಿಗೆ ಜಾಜ್ ಕ್ಲಬ್ಬೊಂದರಲ್ಲಿ ಕೆಲಸ. ಚಳಿದೇಶದ ಕ್ಲಬ್ಬುಗಳಲ್ಲಿ ಬಂದವರು ದಪ್ಪ ಕೋಟು ಬಿಚ್ಚಿ ಕೊಟ್ಟು ಒಳಗೆ ಹೋಗುತ್ತಾರೆ. ಅದನ್ನು ಇಸಿದುಕೊಂಡು, ನೇತುಹಾಕಿ, ಹೋಗುವಾಗ ವಾಪಸ್ ಕೊಡುವ ಕೆಲಸ ಇವಳದು. ಗಿರಾಕಿ ಕಡಿಮೆ ಇದ್ದಾಗ ವೇದಿಕೆ ಹತ್ತಿ ಹಾಡುತ್ತಿದ್ದಳು. ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ ಮತ್ತು ಜಾಜ್ ಕೈಗೆ ಹತ್ತಿದ್ದು ಅಲ್ಲಿ. ಸ್ಕಾಟ್ಲೆಂಡಿನ ಸ್ಯಾಕ್ಸೊಫೋನ್ ವಾದಕ ಜೇಸನ್ ರೇ ಪರಿಚಯವಾಗಿದ್ದೂ ಅಲ್ಲೇ. 2001ರಲ್ಲಿ ಇಬ್ಬರೂ ಮದುವೆಯಾದರು.

2006ರ ಹೊತ್ತಿಗೆ ನಿಯೋ ಸೋಲ್ ಅನ್ನುವುದು ಹೊಸತಾಗಿರಲಿಲ್ಲ. ಎಪ್ಪತ್ತರ ದಶಕದ ಸೋಲ್ ಸಂಗೀತಕ್ಕೆ ಹಿಪ್ ಹಾಪ್‌ನ ತಾಳ, ಜಾಜ್‌ನ ಸ್ವರಗಳು ಸೇರಿದ ಶೈಲಿ ಅದು. ಅಮೆರಿಕದಲ್ಲಿ ಎರಿಕಾ ಬಾಡು, ಡಿ ಆ್ಯಂಜೆಲೊ ಅದಕ್ಕೆ ಹೆಸರು ತಂದಿದ್ದರು. ಬ್ರಿಟನ್ನಿನಲ್ಲಿ ಒಮಾರ್ ಅದಕ್ಕೂ ಮೊದಲೇ ಆ ದಾರಿ ಹಿಡಿದಿದ್ದ. ಕೊರಿನ್ ಅದಕ್ಕೆ ತನ್ನದೊಂದು ತಂದಳು. ಗಂಟಲು ಹರಿಯುವಂತೆ ಕೂಗುವುದಿಲ್ಲ, ಸ್ವರ ಸುತ್ತಿ ಸುತ್ತಿ ಎಳೆಯುವುದಿಲ್ಲ. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡುತ್ತಾಳೆ. ತನ್ನದೇ ಹೆಸರಿನ ಮೊದಲ ಆಲ್ಬಂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ನೇರ ಒಂದನೇ ಸ್ಥಾನಕ್ಕೆ ಬಂತು. ಅಮೆರಿಕದಲ್ಲಿ ನಾಲ್ಕರವರೆಗೆ ಹೋಯಿತು.

2008ರ ಫೆಬ್ರವರಿಯಲ್ಲಿ ಜಾಜ್ ಪಿಯಾನೋ ವಾದಕ ಹರ್ಬಿ ಹ್ಯಾಂಕಾಕ್‌ರ ‘ರಿವರ್’ ಆಲ್ಬಂ ಗ್ರ್ಯಾಮಿಯ ವರ್ಷದ ಆಲ್ಬಂ ಆಯಿತು. ಅದರ ಶೀರ್ಷಿಕೆ ಗೀತೆ ಹಾಡಿದವಳು ಕೊರಿನ್. ಮುಂದಿನ ತಿಂಗಳೇ, ಮಾರ್ಚ್ 22ರಂದು ಜೇಸನ್ ತೀರಿಕೊಂಡ. ಮದ್ಯ ಮತ್ತು ಮೆಥಡೋನ್ ಅನ್ನುವ ಮಾದಕ ಔಷಧ ಸೇರಿ ಆದ ಆಕಸ್ಮಿಕ ಸಾವು. ವಯಸ್ಸು 31. ಆಕೆಗಿನ್ನೂ 29.

‘ಎಲ್ಲಿ ಹೋದಳು’ ಅಂತ ಕೇಳುವವರಿಗೆ ನಾನು ಇಲ್ಲಿ ಸ್ವಲ್ಪ ಸುಮ್ಮನಿರುತ್ತೇನೆ. ಅವರಿಗೇ ಅರ್ಥವಾಗುತ್ತದೆ.

2010ರಲ್ಲಿ ‘ದಿ ಸೀ’ ಬಂತು. ಬ್ರಿಟನ್, ಐರ್ಲೆಂಡಿನ ವರ್ಷದ ಒಳ್ಳೆಯ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೂ ಹೋಯಿತು. ಇದನ್ನು ಗಂಡನ ಸಾವಿನ ಆಲ್ಬಂ ಅಂತ ಎಲ್ಲರೂ ಕರೆಯುತ್ತಾರೆ. ಪೂರ್ತಿ ಹಾಗಿಲ್ಲ. ಅದರಲ್ಲಿ ಮೊದಲು ಬಿಡುಗಡೆಯಾದ ‘ಐ ವುಡ್ ಡೂ ಇಟ್ ಆಲ್ ಅಗೇನ್’ ಹಾಡನ್ನು ಆಕೆ ಬರೆದಿದ್ದು ಜೇಸನ್ ಬದುಕಿದ್ದಾಗಲೇ. ಗಂಡ ಹೆಂಡಿರ ಜಗಳದ ನಂತರ ಬರೆದ ಹಾಡು. ಶೀರ್ಷಿಕೆ ಗೀತೆಯೂ ಹಳೆಯದು. ಅದು ದೋಣಿ ಅಪಘಾತದಲ್ಲಿ ಸತ್ತ ತಾತನ ಕಥೆ. ಅಂದರೆ ದುಃಖ ಬರುವುದಕ್ಕಿಂತ ಮುಂಚೆಯೇ ಅದರ ಕೆಲವು ಹಾಡುಗಳು ಬಂದು ಕೂತಿದ್ದವು. ಕೇಳುವಾಗ ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ನನಗಂತೂ ಬೇರೆ ಮಾಡಲು ಬರುವುದಿಲ್ಲ.

ನಂತರ ಬಾಬ್ ಮಾರ್ಲಿಯ ‘ಈಸ್ ದಿಸ್ ಲವ್’ ಹಾಡನ್ನು ತನ್ನ ರೀತಿಯಲ್ಲಿ ಹಾಡಿ 2012ರಲ್ಲಿ ಇನ್ನೊಂದು ಗ್ರ್ಯಾಮಿ ಪಡೆದಳು. ಜೊತೆಗೆ ಕೆಲಸ ಮಾಡುತ್ತಿದ್ದ ಸಂಗೀತಗಾರ ಸ್ಟೀವ್ ಬ್ರೌನ್‌ನನ್ನು ಮದುವೆಯಾದಳು. ಇಬ್ಬರು ಹೆಣ್ಣುಮಕ್ಕಳಾದರು. 2016ರಲ್ಲಿ ಮೂರನೇ ಆಲ್ಬಂ ಬಂತು. ಚೆನ್ನಾಗಿಯೇ ಇದೆ, ಆದರೆ ಸ್ವಲ್ಪ ಹೆಚ್ಚೇ ನಯ ಮಾಡಿದ್ದಾರೆ ಅಂತ ನನ್ನ ತಕರಾರು.

ಇನ್ನು ನಾಲ್ಕನೆಯದು. ಶಿಕಾಗೋದ ದಕ್ಷಿಣ ಭಾಗದಲ್ಲಿ 1920ರ ದಶಕದ ಒಂದು ಬ್ಯಾಂಕ್ ಕಟ್ಟಡ ಇದೆ. ಮುಚ್ಚಿ ಪಾಳುಬಿದ್ದಿತ್ತು. ಕಲಾವಿದ ಥಿಯಾಸ್ಟರ್ ಗೇಟ್ಸ್ ಅದನ್ನು ನಗರಾಡಳಿತದಿಂದ ಒಂದು ಡಾಲರಿಗೆ ತೆಗೆದುಕೊಂಡು, ರಿಪೇರಿ ಮಾಡಿಸಿ, ಕಪ್ಪು ಜನರ ಬದುಕಿನ ದೊಡ್ಡ ಸಂಗ್ರಹಾಲಯ ಮಾಡಿದ. ಹೆಸರು ಸ್ಟೋನಿ ಐಲ್ಯಾಂಡ್ ಆರ್ಟ್ಸ್ ಬ್ಯಾಂಕ್. ‘ಎಬೊನಿ’, ‘ಜೆಟ್’ ಪತ್ರಿಕೆಗಳ ಪ್ರಕಾಶಕರ ಗ್ರಂಥಾಲಯ ಅಲ್ಲಿದೆ. ಕಪ್ಪು ಜನರನ್ನು ಗೇಲಿ ಮಾಡಲೆಂದೇ ತಯಾರಾದ ಸಾಮಾನುಗಳ ರಾಶಿಯೂ ಇದೆ. ಕಪ್ಪು ಮಗುವಿನ ತೆರೆದ ಬಾಯಿಯ ಆಕಾರದ ಆ್ಯಶ್‌ಟ್ರೇ, ಸಿಗರೇಟು ಹೊಸಕಿ ಆರಿಸಲು.

ಕೊರಿನ್ ಅಲ್ಲಿ ಹೋಗಿ ದಿನಗಟ್ಟಲೆ ಕೂತಳು. 2023ರ ‘ಬ್ಲ್ಯಾಕ್ ರೇನ್‌ಬೋಸ್’ ಅಲ್ಲಿಂದ ಬಂದದ್ದು. ಇದು ತನ್ನ ಮುಖ್ಯ ಆಲ್ಬಂ ಅಲ್ಲ, ಪಕ್ಕದ ಕೆಲಸ ಅಂದುಕೊಂಡೇ ಶುರು ಮಾಡಿದ್ದಳು. ಹಾಗಾಗಿಯೇ ಹೆದರಿಕೆ ಬಿಟ್ಟುಹೋಯಿತು ಅನ್ನಿಸುತ್ತದೆ. ‘ಇರೇಷರ್’ ಕೇಳಿ: ಒಡೆದ ಗಿಟಾರ್ ಸದ್ದು, ಮೈಕ್ ಕಚ್ಚಿ ಕಿರುಚುವ ದನಿ. ಆ ಆ್ಯಶ್‌ಟ್ರೇಯ ಕೋಪ ಅದು. ‘ನ್ಯೂಯಾರ್ಕ್ ಟ್ರಾನ್ಸಿಟ್ ಕ್ವೀನ್’ ಇದೆ, ಎರಡೇ ನಿಮಿಷದ ಪಂಕ್, ಅಂದರೆ ವೇಗದ, ಒರಟು ರಾಕ್. 1954ರಲ್ಲಿ ‘ಮಿಸ್ ನ್ಯೂಯಾರ್ಕ್ ಟ್ರಾನ್ಸಿಟ್’ ಅನ್ನುವ ಸೌಂದರ್ಯ ಸ್ಪರ್ಧೆ ಗೆದ್ದಿದ್ದ ಆಡ್ರಿ ಸ್ಮಾಲ್ಟ್ಸ್ ಬಗ್ಗೆ. ಅದೇ ಆಲ್ಬಂನಲ್ಲಿ ಬರೀ ಪಿಯಾನೋ ಹಿಡಿದು ಹಾಡಿದ ‘ಪೀಚ್ ವೆಲ್ವೆಟ್ ಸ್ಕೈ’. ಗುಲಾಮಗಿರಿಯಿಂದ ತಪ್ಪಿಸಿಕೊಳ್ಳಲು ಸುಮಾರು ಏಳು ವರ್ಷ ಅಜ್ಜಿಯ ಮನೆಯ ಅಟ್ಟದಲ್ಲಿ ಅಡಗಿದ್ದ ಹ್ಯಾರಿಯೆಟ್ ಜೇಕಬ್ಸ್ ಅದರ ಕಥಾನಾಯಕಿ.

‘ಇದೇನು, ಇವಳು ಬದಲಾಗಿಬಿಟ್ಟಳಲ್ಲ!’ ಅಂತ ಬಹಳ ಜನ ಅಂದರು. ಬದಲಾಗಿದ್ದು ಎಲ್ಲಿ? ‘ಹೆಲೆನ್’ ಬ್ಯಾಂಡಿನ ಗಿಟಾರನ್ನು ಮತ್ತೆ ಎತ್ತಿಕೊಂಡಳು ಅಷ್ಟೇ, ಅಲ್ವಾ?

ಈ ಆಲ್ಬಂ ಕೂಡ 2024ರ ಮರ್ಕ್ಯುರಿ ಅಂತಿಮ ಪಟ್ಟಿಯಲ್ಲಿತ್ತು. ಗೆದ್ದಿದ್ದು ‘ಇಂಗ್ಲಿಷ್ ಟೀಚರ್’ ಅನ್ನುವ ಹೊಸ ಬ್ಯಾಂಡ್. ಅದೂ ಲೀಡ್ಸ್‌ನದೇ, ಹಾಗಾಗಿ ನಾನು ಜಾಸ್ತಿ ಬೇಜಾರು ಮಾಡಿಕೊಳ್ಳಲಿಲ್ಲ.

ಕೇಳಬೇಕು ಅನ್ನಿಸಿದರೆ ಸೈಕಲ್ ಹಾಡಿನಿಂದ ಶುರು ಮಾಡಬೇಡಿ, ಅದು ಹೇಗೂ ಗೊತ್ತಿದೆ. ‘ದಿ ಸೀ’ಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಿ, ಮಾರನೇ ದಿನ ‘ಬ್ಲ್ಯಾಕ್ ರೇನ್‌ಬೋಸ್’. ಎರಡನೆಯದಕ್ಕೆ ಹೆಡ್‌ಫೋನ್ ಇರಲಿ. ‘ಇರೇಷರ್’ ಬಂದಾಗ ಮನೆಯಲ್ಲಿ ಯಾರಾದರೂ ‘ಏನದು ಗಲಾಟೆ’ ಅಂತ ಕೇಳುವುದು ಗ್ಯಾರಂಟಿ.